ಕಾಯವ್ವ ಒಳಗೇ ಇದ್ದಾಳೆ

ನವೆಂಬರ್ 8, 1981, ಭಾನುವಾರ

ಓದಬಾರದು. ಬರೆಯಬಾರದು. ತಣ್ಣೀರು ಮುಟ್ಟಬಾರದು, ಜೋರಾಗಿ ನಗಬಾರದು, ಕಿಟಕಿ ತೆಗೆಯಬಾರದು. ಹೆತ್ತು ಇಪ್ಪತ್ತು ದಿನವಾಯಿತು, ಇನ್ನೂ ಎಪ್ಪತ್ತು ದಿನ ಹೀಗೇ ಇರಬೇಕಂತೆ. ಜೈಲಿನಲ್ಲಾದರೂ ಕೈದಿಯ ಕಿವಿಗೆ ಹತ್ತಿ ತುರುಕುವುದಿಲ್ಲ, ತಲೆಗೆ ಉಲ್ಲನ್ ಬಟ್ಟೆ ಬಿಗಿಯುವುದಿಲ್ಲ. ಓದಿದರೆ ಬಾಣಂತಿಗೆ ಕಣ್ಣು ಹೋಗುತ್ತದೆ ಅಂತ ಅವ್ವ ದಿನಕ್ಕೆ ಮೂರು ಸಲ ಹೇಳುತ್ತಾಳೆ. ಹೋಗಲಿ ಬಿಡು, ಈ ಕೋಣೆಯಲ್ಲಿ ಕಣ್ಣಿಟ್ಟುಕೊಂಡು ನೋಡುವುದಾದರೂ ಏನಿದೆ?

ಅಪ್ಪನ ಕೊಬ್ಬರಿ ಮಂಡಿಗೆ ಯಾರೋ ಕೊಟ್ಟ ಈ ಡೈರಿ ಗೋಡೆಗೂಡಿನಲ್ಲಿ ಸಿಕ್ಕಿತು. ಒಳಗೆ ಒಂದಕ್ಷರ ಇಲ್ಲ. ಅದರ ಹಿಂದೆಯೇ ನಾನು ಹೈಸ್ಕೂಲಿನಲ್ಲಿದ್ದಾಗ ಬಳಸುತ್ತಿದ್ದ ಮೋಟು ಪೆನ್ಸಿಲೂ ಇತ್ತು. ಹೆರೆಯಲು ಏನೂ ಇಲ್ಲ. ದಿಂಬಿನ ಕೆಳಗೆ ಚಾಕು ಇದೆ, ಆದರೆ ಅದು ಗಾಳಿ ಗ್ರಹ ಮುಟ್ಟದಿರಲಿ ಅಂತ ಇಟ್ಟದ್ದು, ಮೂರು ತಿಂಗಳು ಅಲುಗಾಡಿಸುವ ಹಾಗಿಲ್ಲ. ಪೆನ್ಸಿಲನ್ನು ಹಲ್ಲಿನಿಂದ ಸುಲಿದು ನೆಲಕ್ಕೆ ಉಜ್ಜಿ ಮೊನೆ ಮಾಡಿಕೊಂಡೆ.

ಈ ಕೋಣೆಯ ಮೇಲೆಯೇ ಅಟ್ಟ. ಹನ್ನೊಂದು ತಿಂಗಳಿಂದ ಕಾಯಿಗಳು ಅಲ್ಲಿ ಕತ್ತಲಲ್ಲಿ ಕೂತು ಒಣಗುತ್ತಿವೆ. ಒಳಗಿನ ತಿರುಳು ಚಿಪ್ಪು ಬಿಟ್ಟು ಲೊಟಗುಟ್ಟುವವರೆಗೂ ಅವಕ್ಕೂ ಬಿಡುಗಡೆಯಿಲ್ಲ.

ಮಗ್ಗುಲಲ್ಲಿ ಅದು ಅಳುತ್ತಾ ಎದ್ದಿತು. ಎದ್ದರೆ ಒಂದೇ ಕೆಲಸ ಅದಕ್ಕೆ.

ನವೆಂಬರ್ 10, ಮಂಗಳವಾರ

ಇವತ್ತು ಅವ್ವನ ಜೊತೆ ಮಾತು ಬಿಟ್ಟಿದ್ದೇನೆ.

ಮಂಚದ ಕೆಳಗೆ ನನ್ನ ಚಿತ್ರಕಥೆಗಳ ಟ್ರಂಕು ಇರುತ್ತಿತ್ತು. ಓದುವುದು ಬೇಡ, ಮುಟ್ಟಿ ನೋಡೋಣ ಅಂತ ಬಗ್ಗಿದರೆ ಟ್ರಂಕೇ ಇಲ್ಲ. ಕೇಳಿದ್ದಕ್ಕೆ ಅವ್ವ ಬೆಳ್ಳುಳ್ಳಿ ಸುಲಿಯುತ್ತಾ ಹೇಳಿದಳು: "ಆ ಬೊಂಬೆ ಪುಸ್ತಕಗಳಾ? ಹಳೇ ಪೇಪರ್‌ನೋನಿಗೆ ಹಾಕಿಬುಟ್ಟೆ. ಅದ್ರಲ್ಲಿ ರಾಕ್ಷಸರು, ತಲೆಬುರುಡೆ ಎಲ್ಲ ಇದ್ವು. ಎಳೆ ಮಗಿರೋ ಕೋಣೇಲಿ ಅಂಥವು ಇಟ್ಕೊತಾರೇನೆ? ಮಗು ಬೆಚ್ಚಿ ಬೀಳ್ತದೆ."

"ಅದರ ಜೊತೆ ನನ್ನ ನೋಟ್‌ಬುಕ್ಕಿತ್ತಲ್ಲ."

"ಅದರಲ್ಲೂ ಬೊಂಬೆಗಳೇ ಇದ್ವಲ್ಲ."

ಅಚ್ಚಾದ ಪುಸ್ತಕಗಳು ಹೋದರೆ ಹೋಗಲಿ, ಲೋಕದಲ್ಲಿ ಅಂಥವು ಬೇರೆ ಇರುತ್ತವೆ. ನೋಟ್‌ಬುಕ್ಕು ಒಂದೇ ಇದ್ದದ್ದು. ಎಂಟನೇ ಕ್ಲಾಸಿನಿಂದ ಮದುವೆಯ ಹಿಂದಿನ ವಾರದವರೆಗೆ, ಪುಟಕ್ಕೆ ಆರು ಚೌಕದ ಮನೆ ಗೀಚಿಕೊಂಡು ನಾನೇ ಬರೆದ ಚಿತ್ರಕಥೆ ಅದು. ಹೆಬ್ಬೆಟ್ಟಿನಷ್ಟು ಎತ್ತರದ ಕಾಯವ್ವ ನಮ್ಮ ಅಟ್ಟದಲ್ಲಿರುತ್ತಾಳೆ. ಮಂತ್ರ ಹೇಳಿ ಯಾವ ಕಾಯಿಯೊಳಗೆ ಬೇಕಾದರೂ ಹೊಕ್ಕು, ಮಂಡಿಗೆ, ಸಂತೆಗೆ, ಅರಸೀಕೆರೆ ರೈಲಿಗೆ ಎಲ್ಲ ಹೋಗಿಬರುತ್ತಾಳೆ. ಕಡೆಯ ಪುಟದಲ್ಲಿ ಒಂದು ಕಾಯಿಯೊಳಗೆ ಹೊಕ್ಕವಳಿಗೆ ಮಂತ್ರ ಮರೆತುಹೋಗುತ್ತದೆ. ಒಳಗಿಂದ ಚಿಪ್ಪು ಬಡಿಯುತ್ತಾ ಕೂತಿದ್ದಾಳೆ. ಅಲ್ಲಿಗೆ ತುರುವೇಕೆರೆಯವರು ನನ್ನನ್ನು ನೋಡಲು ಬಂದರು, ಒಪ್ಪಿದರು, ಮುಗಿಯಿತು. ಅವಳು ಹೇಗೆ ಹೊರಗೆ ಬರಬೇಕು ಅಂತ ನನಗೆ ಎರಡು ವರ್ಷವಾದರೂ ಹೊಳೆದಿಲ್ಲ. ಮಂತ್ರ ನೆನಪಾಯಿತು ಅಂತ ಬರೆದರೆ ಆಗುತ್ತಿತ್ತು, ಆದರೆ ಅದು ಮೋಸ.

ಈಗ ಯಾರ ಕಡ್ಲೇಕಾಯಿ ಪೊಟ್ಟಣವಾಗಿದ್ದಾಳೋ.

ನವೆಂಬರ್ 14, ಶನಿವಾರ

ಮೆಣಸಿನ ಸಾರು. ಸಾಂಬ್ರಾಣಿ ಹೊಗೆ. ಅದು ಅತ್ತಿತು.

ನವೆಂಬರ್ 17, ಮಂಗಳವಾರ

ಇವರು ತುರುವೇಕೆರೆಯಿಂದ ಬಂದಿದ್ದರು. ಬಾಗಿಲ ಹೊರಗೇ ನಿಂತು, "ಹಾಲು ಕುಡೀತದಾ? ರಚ್ಚೆ ಮಾಡ್ತದಾ?" ಅಂತ ಕೇಳಿದರು. ಒಂದು ಜೊತೆ ಕಾಲುಚೀಲ ತಂದಿದ್ದರು, ಅದಕ್ಕೆ. ನನಗೆ ಏನಾದರೂ ಬೇಕಾ ಅಂತಲೂ ಕೇಳಿದರು. ಓದಲು ಏನಾದರೂ ಅಂದೆ. ಅವ್ವನ ಮುಖ ನೋಡಿ, ಬಸ್ಸಿಗೆ ಹೊತ್ತಾಯಿತು ಅಂದರು. ಒಳ್ಳೆಯವರೇ, ಆದರೆ ಅವರು ಬಂದ ಬಸ್ಸಿನಲ್ಲೇ ವಾಪಸು ಹೋಗಬಹುದು, ನಾನು ಹೋಗುವ ಹಾಗಿಲ್ಲ.

ನನಗೆ ಅದರ ಮೇಲೆ ಸಿಟ್ಟಿಲ್ಲ. ಇನ್ನೇನಾದರೂ ಇದೆಯೋ ಅಂದರೆ ಅದೂ ಗೊತ್ತಾಗುತ್ತಿಲ್ಲ. ಬೇರೆಯವರ ಮನೆಯ ಕೂಸನ್ನು ನೋಡಿಕೊಳ್ಳಲು ನನಗೆ ಬಿಟ್ಟುಹೋದ ಹಾಗಿದೆ. ಇದನ್ನು ಯಾರ ಹತ್ತಿರವೂ ಹೇಳುವ ಹಾಗಿಲ್ಲ.

ನವೆಂಬರ್ 23, ಸೋಮವಾರ

ಹತ್ತಿಯೊಳಗಿಂದಲೂ ಕೇಳಿಸಿತು. ಆಟೋದವನು ಮೈಕಿನಲ್ಲಿ ಕೂಗಿಕೊಂಡು ಹೋದ. ರಾಜ್ಯೋತ್ಸವದ ಅಂಗವಾಗಿ ಕಾಲೇಜಿನ ಕನ್ನಡ ಸಂಘದವರು ಚಿತ್ರಕಥೆ ಮೇಳ ಮಾಡುತ್ತಾರಂತೆ. ಶುಕ್ರವಾರದಿಂದ ಭಾನುವಾರದವರೆಗೆ. ಬೆಂಗಳೂರು, ಹುಬ್ಬಳ್ಳಿ, ಅರಸೀಕೆರೆ ಕಡೆಯ ಪುಸ್ತಕದ ವ್ಯಾಪಾರಿಗಳು, ಹಳೆಯವು, ಹೊಸವು, ಅದಲುಬದಲು.

ಎಲ್ಲಿ? ನಮ್ಮ ಮನೆಯ ಎದುರಿನ ಛತ್ರದಲ್ಲಿ. ರಸ್ತೆ ದಾಟಿದರೆ ಇಪ್ಪತ್ತು ಹೆಜ್ಜೆ. ಹೈಸ್ಕೂಲಿನಲ್ಲಿದ್ದಾಗ ಒಂದೊಂದು ಪುಸ್ತಕಕ್ಕೂ ಗೆಳತಿಯರ ಕಾಲು ಹಿಡಿದವಳು ನಾನು. ಈಗ ಲೋಕದ ಚಿತ್ರಕಥೆಗಳೆಲ್ಲ ಬಾಗಿಲಿಗೇ ಬರುತ್ತವೆ, ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಒಳಗಿರುತ್ತೇನೆ. ಯಾವ ಜನ್ಮದ ಕರ್ಮವೋ ಇದು.

ನವೆಂಬರ್ 27, ಶುಕ್ರವಾರ

ಅಜ್ಜಿ ಮೇಳಕ್ಕೆ ಹೋಗಿಬಂದಳು. ಶಿವರುದ್ರಮ್ಮನಿಗೆ, ಅಂದರೆ ನನ್ನಪ್ಪನ ತಾಯಿಗೆ, ಒಂದಕ್ಷರ ಬರುವುದಿಲ್ಲ. ಆದರೆ ಊರಿನಲ್ಲಿ ಎಲ್ಲಿ ಶಾಮಿಯಾನ ಹಾಕಿದರೂ ಒಳಗೊಮ್ಮೆ ಹೊಕ್ಕು ಬರದಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಕೂಸಿಗೆ ನೀರೆರೆಯುವ ಮೊದಲು, ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಾ ವರದಿ ಕೊಟ್ಟಳು.

"ಊಟದ ಹಾಲ್ ತುಂಬ ಟೇಬಲ್ ಹಾಕವ್ರೆ ಕಣೇ. ಹಗ್ಗ ಕಟ್ಟಿ ಬಟ್ಟೆ ಒಣಗಾಕಿದಂಗೆ ಪುಸ್ತಕ ನೇತಾಕವ್ರೆ. ಒಬ್ಬ ಬೋಳುತಲೆಯೋನು ಅವ್ನೆ ನೋಡು, ಅವನ ಟೇಬಲ್‌ನಾಗೆ ಕೈಯಾಗೇ ಬರೆದಿರೋದು ಒಂದೈತೆ. ಹುಡುಗ್ರೆಲ್ಲ ಮುತ್ಕಂಡವ್ರೆ. ನಾನೂ ತಲೆ ತೂರಿಸಿ ನೋಡಿದೆ. ತೆಂಗಿನಕಾಯೊಳಗೆ ಒಂದು ಹೆಣ್ಣು ಕುಂತೈತೆ, ಪಾಪ."

ನಾನು ಎದ್ದು ನಿಂತೆ. "ಎರಡು ಜಡೆಯಾ ಅಜ್ಜಿ?" ಅಂದೆ.

"ಎರಡು ಜಡೆ. ಮೂಗುಬೊಟ್ಟು ಇಲ್ಲ."

ಕಾಯವ್ವ ಪೊಟ್ಟಣವಾಗಿಲ್ಲ. ರಸ್ತೆಯ ಆಚೆ ಇದ್ದಾಳೆ. ಭಾನುವಾರ ಸಂಜೆಯ ರೈಲಿಗೆ ಆ ಬೋಳುತಲೆಯವನು ಗಂಟುಮೂಟೆ ಕಟ್ಟುತ್ತಾನೆ, ಆಮೇಲೆ ಅವಳನ್ನು ಎಲ್ಲಿ ಅಂತ ಹುಡುಕುವುದು?

ನವೆಂಬರ್ 28, ಶನಿವಾರ

ಅಜ್ಜಿಯನ್ನೇ ಕಳಿಸಿದೆ. ಬರಿಗೈಲಿ ಬಂದಳು. ಅವನು ಮಾರುವುದಿಲ್ಲವಂತೆ, ಬರೆದವರೇ ಬಂದು ಕೇಳಿದರೆ ನೋಡೋಣ ಅಂದನಂತೆ.

ಅವ್ವನ ಹತ್ತಿರ ಬಾಯಿಬಿಟ್ಟೆ. ಹತ್ತು ನಿಮಿಷ ಹೋಗಿ ಬರುತ್ತೇನೆ, ಶಾಲು ಹೊದೆಯುತ್ತೇನೆ, ಬೇಕಿದ್ದರೆ ಕಿವಿಗೆ ಇನ್ನೊಂದು ಹಿಡಿ ಹತ್ತಿ ತುರುಕು ಅಂದೆ. ಅವ್ವ ಬಂದು ಮಂಚದ ತುದಿಗೆ ಕೂತಳು. ಆಮೇಲೆ ತನ್ನ ಅಕ್ಕ ಪುಟ್ಟಗೌರಮ್ಮನ ವಿಷಯ ಹೇಳಿದಳು. ಆಕೆ ಮೊದಲ ಬಾಣಂತನದಲ್ಲಿ ತೀರಿಕೊಂಡದ್ದು ನನಗೆ ಗೊತ್ತಿತ್ತು, ಹೇಗೆ ಅಂತ ಗೊತ್ತಿರಲಿಲ್ಲ.

"ಬಾವಿ ತಾವ ಹೋಗಿ ಬತ್ತೀನಿ ಅಂದ್ಲು. ಹತ್ತೇ ನಿಮಿಷ. ಬಂದೋಳಿಗೆ ಚಳಿ ಹತ್ಕಂತು, ಎರಡು ದಿನಕ್ಕೆ ಬಾಯಿಗೆ ಬಂದದ್ದು ಮಾತಾಡೋಕೆ ಶುರುಮಾಡಿದ್ಲು. ಮೂರನೇ ದಿನ ಹೋದ್ಲು. ಬಾಗಿಲು ಕಾಯೋಕೆ ಅಂತ ನನ್ನೇ ಕೂರಿಸಿದ್ರು ಕಣೇ. ನಾನೇ ಬಿಟ್ಟಿದ್ದು ಅವಳನ್ನ."

ಗೋಡೆಯ ಕಡೆ ತಿರುಗಿ ಮಲಗಿದೆ. ಅಳಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.

ಸಂಜೆ ಅಡುಗೆಮನೆಯಲ್ಲಿ ಅಜ್ಜಿಯ ದನಿ ಕೇಳಿಸಿತು. ಇವತ್ತಿಗೆ ನಲವತ್ತು ದಿನ ತುಂಬಿತು, ನಾಳೆ ಮಗುವನ್ನು ದೇವರ ಮುಂದೆ ಹಾಕಿಸಬೇಕು, ಛತ್ರದ ಅಂಗಳದ ಗಣಪತಿ ಗುಡಿಯೇ ಸಾಕು, ಹೆತ್ತವಳೇ ಎತ್ತಿಕೊಂಡು ಬರಬೇಕು ಅಂತ. ದೇವರ ಹೆಸರಿಗೆ ಅವ್ವ ಎದುರಾಡುವುದಿಲ್ಲ. ಅಜ್ಜಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಕಳ್ಳಿ.

ನವೆಂಬರ್ 29, ಭಾನುವಾರ

ಮೊದಲು ಗಣಪತಿಯ ಮುಂದೆ ಮಗುವನ್ನು ಮಲಗಿಸಿದೆವು. ಅದು ನಂದಾದೀಪದ ಕಡೆ ಕಣ್ಣು ಪಿಳಿಪಿಳಿ ಮಾಡುತ್ತಾ ಸುಮ್ಮನಿತ್ತು. ಅಜ್ಜಿ ಭಕ್ತಿಯಿಂದ ಎರಡು ಸುತ್ತು ಹಾಕಿ, "ಗುಡಿ ಆಯ್ತು, ನಡಿ" ಅಂದಳು.

ಹಾಲ್‌ನ ಬಾಗಿಲಲ್ಲಿ ನಿಂತಾಗ ಮೊದಲು ಮೂಗಿಗೆ ಬಡಿದದ್ದು ಹಳೆಯ ಕಾಗದದ ವಾಸನೆ. ನಲವತ್ತು ದಿನದಿಂದ ಸಾಂಬ್ರಾಣಿ, ಬೆಳ್ಳುಳ್ಳಿ ಬಿಟ್ಟರೆ ಬೇರೆ ವಾಸನೆ ಕಂಡಿರಲಿಲ್ಲ. ಮೂವತ್ತು ಟೇಬಲ್ಲಾದರೂ ಇದ್ದವು. ಬೆಂಗಳೂರಿನವನು ಒಂದೊಂದು ಪುಸ್ತಕಕ್ಕೂ ಪ್ಲಾಸ್ಟಿಕ್ ಚೀಲ ತೊಡಿಸಿ "ಮುಟ್ಟಬೇಡಿ" ಅಂತ ಬೋರ್ಡು ಹಾಕಿದ್ದ. ಅವನ್ನು ನೋಡಿ ನನಗೆ ನನ್ನದೇ ಬಾಣಂತನ ನೆನಪಾಯಿತು. ಹುಬ್ಬಳ್ಳಿಯವನ ಹತ್ತಿರ ಇಟ್ಟಿಗೆ ದಪ್ಪದ ಬೈಂಡುಗಳು. ಇನ್ನೊಬ್ಬ ಬರೀ ರಟ್ಟು ಮಾರುತ್ತಿದ್ದ, ಒಳಗಿನ ಕಥೆ ಇಲ್ಲ, ರಟ್ಟಿನ ಚಿತ್ರ ಮಾತ್ರ. ಮೂಲೆಯಲ್ಲಿ ಅದಲುಬದಲಿನ ಟೇಬಲ್ಲು, ಅಲ್ಲಿ ಇಬ್ಬರು ದೊಡ್ಡ ಗಂಡಸರು, ಒಬ್ಬರ ಬಗಲಲ್ಲಿ ಮಂಡಿಯ ಚೀಟಿ ಪುಸ್ತಕ ಬೇರೆ, ಕುದುರೆ ಸವಾರನ ಒಂದು ಸಂಚಿಕೆಗೆ ಎರಡು ಪ್ರೇತದ ಸಂಚಿಕೆ ಸಮವೋ ಅಲ್ಲವೋ ಅಂತ ವಾದಕ್ಕೆ ಬಿದ್ದಿದ್ದರು. ನನ್ನ ಟ್ರಂಕಿನ ಪುಸ್ತಕಗಳು ನಾಲ್ಕಾರು ಟೇಬಲ್ಲುಗಳಲ್ಲಿ ಕಂಡವು. ಒಂದರ ಮೇಲೆ ನನ್ನ ಹೆಸರು ಹಾಗೇ ಇತ್ತು, ಕೆ. ಜಿ. ಗಿರಿಜಾಂಬಿಕಾ, 9ನೇ ಸಿ. ಶಾಲು, ತಲೆಗಟ್ಟು, ಕಂಕುಳಲ್ಲಿ ಕೂಸು ನೋಡಿ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಒಂದೊಂದು ಟೇಬಲ್ಲಿಗೂ ನಿಂತೆ. ಅಜ್ಜಿ ಸೆರಗು ಎಳೆಯುತ್ತಲೇ ಇದ್ದಳು.

ಬೋಳುತಲೆಯವನ ಹೆಸರು ಮರುಳಸಿದ್ದಯ್ಯ. ಅರಸೀಕೆರೆ ಸ್ಟೇಷನ್ ಹತ್ತಿರ ಹಳೆ ಪುಸ್ತಕದ ಅಂಗಡಿ. ನನ್ನ ನೋಟ್‌ಬುಕ್ಕಿಗೆ ದಾರ ಕಟ್ಟಿ ಟೇಬಲ್ಲಿನ ಕಾಲಿಗೆ ಬಿಗಿದಿದ್ದ.

"ನಿಂತ್ಕಂಡು ಓದ್ಬೋದು ಕಣವ್ವ, ಮಾರಾಟಕ್ಕಿಲ್ಲ. ಬರೆದೋಳು ಯಾರೋ ಪುಣ್ಯಾತ್ಗಿತ್ತಿ, ಆ ಹೆಣ್ಣನ್ನ ಕಾಯೊಳಗೆ ಕೂರಿಸಿ ಎದ್ದೋಗವ್ಳೆ. ಎಲ್ರೂ ಆಮೇಲೆ ಏನಾಯ್ತು ಅಂತ ನನ್ನ ಜೀವ ತಿಂತವ್ರೆ."

"ಬರೆದವಳು ನಾನೇ."

"ನೆನ್ನೆಯಿಂದ ಮೂರು ಜನ ಅಂಗೇ ಅಂದ್ರು. ಅವರಲ್ಲೊಬ್ನಿಗೆ ಮೀಸೆ ಇತ್ತು."

ಅಜ್ಜಿಗೆ ಕೋಪ ಬಂತು. "ಹಸಿ ಬಾಣಂತಿ ಸುಳ್ಳು ಹೇಳೋಕೆ ಎದ್ದು ಬತ್ತಾಳೇನಪ್ಪ? ಪೆನ್ಸಿಲ್ ಕೊಡು, ಬರೆದು ತೋರಿಸ್ತಾಳೆ."

ಅವನು ಕೊಟ್ಟ. ಒಂದು ಖಾಲಿ ಹಾಳೆಯ ಮೇಲೆ ಎರಡು ಜಡೆ, ಚೂಪು ಗಲ್ಲ, ದೊಡ್ಡ ಕಿವಿ ಎಳೆದೆ. ಎರಡು ವರ್ಷದಿಂದ ಬರೆದಿರದಿದ್ದರೂ ಕೈಗೆ ನೆನಪಿತ್ತು. ಮರುಳಸಿದ್ದಯ್ಯ ಕನ್ನಡಕ ಮೇಲೆತ್ತಿ ಹಾಳೆ ನೋಡಿದ, ನನ್ನ ನೋಡಿದ, ಟೇಬಲ್ಲಿನ ಕೆಳಗೆ ಬಗ್ಗಿ ದಾರ ಬಿಚ್ಚತೊಡಗಿದ.

ಅಷ್ಟರಲ್ಲಿ ಮಗು ಅಳಲು ಶುರು ಮಾಡಿತು. ಅಜ್ಜಿ ನನ್ನನ್ನು ಅವನ ಟೇಬಲ್ಲಿನ ಹಿಂದೆ, ಪುಸ್ತಕದ ಕಟ್ಟುಗಳ ನಡುವೆ ಕೂರಿಸಿ, ಶಾಲನ್ನು ಅಡ್ಡ ಹಿಡಿದು ನಿಂತಳು. ಅವನು ಬೆನ್ನು ತಿರುಗಿಸಿ ವ್ಯಾಪಾರ ಮುಂದುವರಿಸಿದ. ಮಗು ಹಾಲು ಕುಡಿಯುತ್ತಿತ್ತು. ಕೈಗೆ ಸಿಕ್ಕ ಪುಸ್ತಕ ಎಳೆದುಕೊಂಡು ನಾನು ಓದಿದೆ, ನಲವತ್ತು ದಿನದ ಮೇಲೆ. ನಾವಿಕನೊಬ್ಬ ದ್ವೀಪದಲ್ಲಿ ಸಿಕ್ಕಿಕೊಂಡ ಕಥೆ. ಪುಟ ತಿರುಗಿಸಿದ ಸದ್ದಿಗೆ ಮಗು ಬಾಯಿ ಬಿಟ್ಟು ಕಿವಿಗೊಟ್ಟು, ಮತ್ತೆ ಕಚ್ಚಿತು. ಇನ್ನೊಂದು ಪುಟ ತಿರುಗಿಸಿದೆ, ಮತ್ತೆ ಹಾಗೇ ಮಾಡಿತು. ನಗು ಬಂತು. ಅಷ್ಟು ಸುಖ ನನಗೆ ಈಚೆಗೆ ಯಾವತ್ತೂ ಆಗಿರಲಿಲ್ಲ.

ಹೊರಡುವಾಗ ಮರುಳಸಿದ್ದಯ್ಯ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಕೊಟ್ಟ. "ತಗಳವ್ವ. ಹೆಂಗಾದ್ರೂ ಮಾಡಿ ಅವಳನ್ನ ಆಚೆ ಕರ್ಕಂಡು ಬಾ" ಅಂದ. ಮಗುವಿನ ಜೊತೆ ಶಾಲಿನೊಳಗೆ ಸುತ್ತಿಕೊಂಡು ಮನೆಗೆ ಬಂದೆ. ಹತ್ತು ನಿಮಿಷ ಅಂದದ್ದು ಒಂದು ಗಂಟೆಯಾಗಿತ್ತು. ಅವ್ವ ಬಾಗಿಲಲ್ಲೇ ನಿಂತಿದ್ದಳು.

ಡಿಸೆಂಬರ್ 1, ಮಂಗಳವಾರ

ಬೆಳಗ್ಗೆ ಎರಡು ಸಲ ಸೀನಿತು. ಮಧ್ಯಾಹ್ನದ ಹೊತ್ತಿಗೆ ಮೂಗು ಕಟ್ಟಿದೆ. ಹಾಲು ಎಳೆಯಲು ಆಗುತ್ತಿಲ್ಲ, ಎರಡು ಗುಟುಕು ಕುಡಿದು ಬಿಟ್ಟುಬಿಡುತ್ತಾಳೆ.

ಡಿಸೆಂಬರ್ 2, ಬುಧವಾರ

ಮೈ ಕಾದಿದೆ. ಅವ್ವ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹತ್ತೇ ನಿಮಿಷ ಅಂತ ನಾನೇ ಅಂದದ್ದು. ಗಾಳಿಗೆ ಒಯ್ದವಳು ನಾನೇ. ಎಂಥ ಕೆಟ್ಟವಳು ನಾನು.

ನನ್ನ ಕೂಸು.

ಡಿಸೆಂಬರ್ 3, ಗುರುವಾರ

ನೋಟ್‌ಬುಕ್ಕನ್ನು ಹಾಸಿಗೆಯ ಕೆಳಗಿಂದ ತೆಗೆದು ಅವ್ವನ ಕೈಗೆ ಕೊಟ್ಟೆ. ನೀರೊಲೆಗೆ ಹಾಕು ಅಂದೆ. ಅವ್ವ ನನ್ನ ಮುಖ ನೋಡಿದಳು, ತೆಗೆದುಕೊಂಡು ಹೋದಳು. ಇವಳಿಗೆ ವಾಸಿಯಾದರೆ ಸಾಕು. ಬೇರೆ ಏನೂ ಬೇಡ.

ಸ್ವಲ್ಪ ಹೊತ್ತಿಗೆ ಬಚ್ಚಲಿನ ಕಡೆಯಿಂದ ಹೊಗೆಯ ವಾಸನೆ ಬಂತು.

ಡಿಸೆಂಬರ್ 5, ಶನಿವಾರ

ಜ್ವರ ಬಿಟ್ಟಿದೆ. ಹೊಟ್ಟೆ ತುಂಬ ಕುಡಿದಳು. ಡಾಕ್ಟರು ಬಂದು ನೋಡಿ, ಬರೀ ನೆಗಡಿ, ಮನೆಯಲ್ಲಿ ಯಾರಿಗಿದ್ದರೂ ಬರುತ್ತದೆ ಅಂದರು. ಅಪ್ಪನಿಗೆ ಕಳೆದ ವಾರವೆಲ್ಲ ನೆಗಡಿಯಿತ್ತಂತೆ, ನನಗೆ ಗೊತ್ತೇ ಇರಲಿಲ್ಲ. ಹೊಗೆ ಕಡಿಮೆ ಮಾಡಿ, ದಿನಾ ಸ್ವಲ್ಪ ಹೊತ್ತು ಕಿಟಕಿ ತೆಗೆದಿಡಿ ಅಂತಲೂ ಹೇಳಿದರು. ಅವರಿಗೇನು, ಹೇಳಿ ಹೋಗುತ್ತಾರೆ. ಅವರು ಆ ಕಡೆ ಹೋಗುತ್ತಲೇ ಅವ್ವ ಕಿಟಕಿ ತೆಗೆದಳು. ನಾನು ಎದ್ದು ಮುಚ್ಚಿ ಚಿಲಕ ಹಾಕಿದೆ. ಅಜ್ಜಿ ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು, ಗಾಳಿ ಬರುತ್ತದೆ, ಒಳಗಾದರೂ ಬಾ, ಹೊರಗಾದರೂ ಹೋಗು ಅಂದೆ. ಕೂಸಿನ ಕಿವಿಯ ಹತ್ತಿ ಬಿದ್ದುಹೋಗಿತ್ತು, ಹೊಸದು ಇಟ್ಟೆ. ಈ ಮನೆಯಲ್ಲಿ ನಾನು ನೋಡಿಕೊಳ್ಳದಿದ್ದರೆ ಯಾರಿಗೂ ಜ್ಞಾನವಿಲ್ಲ.

"ನಿಮ್ಮವ್ವನೇ ಆಗ್ಬುಟ್ಯಲ್ಲೇ" ಅಂದಳು ಅಜ್ಜಿ. ಹಾಗಂದರೆ ಏನೋ, ವಯಸ್ಸಾಯಿತು ಅವಳಿಗೆ.

ಡಿಸೆಂಬರ್ 6, ಭಾನುವಾರ

ಮಧ್ಯಾಹ್ನ ಕೂಸು ನಿದ್ದೆ ಮಾಡುತ್ತಿತ್ತು. ಬಾಗಿಲು ನಾನೇ ಹಾಕಿಕೊಂಡಿದ್ದೆ. ಹೊರಗೆ ಪಡಸಾಲೆಯಲ್ಲಿ ಯಾರೋ ಮಗ್ಗಿ ಹೇಳಿದ ಹಾಗೆ ತಡವರಿಸುತ್ತಾ ಓದುತ್ತಿದ್ದರು. ಒಂದು ಕಿವಿಯ ಹತ್ತಿ ತೆಗೆದೆ.

"ಕಾ...ಯವ್ವ ಸಂ...ತೆಗೆ ಹೊರ...ಟಳು." ಅವ್ವನ ದನಿ. ಅವ್ವ ಓದಿದ್ದು ಮೂರನೇ ಕ್ಲಾಸು. ಬಟ್ಟೆ ಅಂಗಡಿಯ ಕ್ಯಾಲೆಂಡರ್ ಬಿಟ್ಟು ಅವಳು ಏನನ್ನೂ ಓದಿದ್ದು ನಾನು ಕಂಡಿಲ್ಲ. ಅಜ್ಜಿ ಹೂಂಗುಟ್ಟುತ್ತಿದ್ದಳು. ಬಾಗಿಲಿಗೆ ಒರಗಿ ಕೂತೆ.

"ಒಲೆಗೆ ಹಾಕು ಅಂದಿದ್ದೆನಲ್ಲವ್ವ" ಅಂದೆ ಒಳಗಿಂದಲೇ.

ಓದು ನಿಂತಿತು. "ಒಂದ್ಸಲ ನೋಡ್ದೆ ಕೊಟ್ಬುಟ್ಟೆ. ಎರಡನೇ ಸಲಾನೂ ನೋಡ್ದೆ ಹೆಂಗೆ ಹಾಕ್ಲೇ?" ಅಂದಳು. ಮತ್ತೆ ಓದಿದಳು. ಅರಸೀಕೆರೆ ರೈಲಿನ ಪುಟಕ್ಕೆ ಇಬ್ಬರೂ ನಕ್ಕರು. ಬೆಳಕು ಕಿಟಕಿಯ ಸಂದಿಯಿಂದ ಗೋಡೆಯ ಮೇಲೆ ಅರ್ಧ ಗೇಣು ಸರಿಯುವಷ್ಟು ಹೊತ್ತು ಓದಿ ಕಡೆಯ ಪುಟಕ್ಕೆ ಬಂದಳು.

"ಆಮೇಲೆ?" ಅವ್ವ ನನ್ನನ್ನು ಕೇಳಿದಳು.

"ಅಷ್ಟೇ. ಒಳಗೇ ಇದ್ದಾಳೆ."

"ಯಾಕೆ, ಆಚೆಗೆ ಬರಾಕೆ ದಾರಿಯಿಲ್ವಾ?"

"ಚಿಪ್ಪಿಗೆ ಎಲ್ಲವ್ವ ದಾರಿ?"

ಅವ್ವ, ನನಗೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ ಅನ್ನುವ ಹಾಗೆ ಹೇಳಿದಳು: "ಕೊಬ್ಬರಿ ಮನೇಲಿ ಹುಟ್ಟಿ ಇಂಗಂತೀಯಲ್ಲೇ. ಕಾಯಿಗೆ ಮೂರು ಕಣ್ಣು. ಎರಡು ಗಟ್ಟಿ, ಒಂದು ಮೆತ್ತಗಿರ್ತದೆ. ತೆಂಗಿನಗರಿ ಕಡ್ಡೀಲಿ ಚುಚ್ಚಿದ್ರೂ ತೂತು ಬೀಳ್ತದೆ. ಮೊಳಕೆ ಬರೋದು ಮತ್ತೆ ಎಲ್ಲಿಂದ ಅನ್ಕೊಂಡೆ? ಇಷ್ಟು ದಿನ ಅವಳು ಗಟ್ಟಿ ಜಾಗಾನೇ ಬಡೀತಾ ಕುಂತವ್ಳೆ."

ನಾನು ಆ ಎಲ್ಲ ಕಾಯಿಗಳ ಕೆಳಗೆ ಹುಟ್ಟಿ ಬೆಳೆದವಳು. ನನಗೆ ಹೊಳೆಯಲಿಲ್ಲ.

"ಮೊಳಕೆ ಬಂದರೆ ಕಾಯಿ ಕೊಬ್ಬರಿಗೆ ಹಾಳಾಗುತ್ತದಲ್ಲವ್ವ" ಅಂದೆ.

"ಕೊಬ್ಬರಿಗೆ ಹಾಳು. ಗಿಡಕ್ಕೆ ಆಗ್ತದೆ."

ಬಾಗಿಲ ಕೆಳಗಿನ ಸಂದಿಯಿಂದ ನೋಟ್‌ಬುಕ್ಕು ಒಳಗೆ ಬಂತು. ಸಂದಿ ಸಣ್ಣದು, ನಡುವೆ ಸಿಕ್ಕಿಕೊಂಡಿತು. ನಾನು ಈಚೆಯಿಂದ ಎಳೆದೆ. ಕಡೆಯ ಚಿತ್ರದ ಪಕ್ಕ ಇನ್ನೂ ಮೂರು ಮನೆ ಖಾಲಿ ಇದ್ದವು. ಪೆನ್ಸಿಲು ತೆಗೆದು ನೋಡಿದರೆ ಮೊನೆ ಪೂರ್ತಿ ಸವೆದಿತ್ತು, ಹಲ್ಲಿಗೂ ಸಿಗದಷ್ಟು. ಅವ್ವ ಇನ್ನೂ ಬಾಗಿಲ ಆಚೆಯೇ ಕೂತಿದ್ದಳು, ಬಳೆ ಸದ್ದಾಗುತ್ತಿತ್ತು.

"ಮೊನೆ ಇಲ್ಲ ಕಣವ್ವ" ಅಂದೆ.

"ದಿಂಬಿನ ಕೆಳಗೆ ಚಾಕು ಅದೆಯಲ್ಲೇ" ಅಂದಳು.